ಸಬ್ಮಿಟ್ ಒತ್ತೋ ಮೊದಲೇ ನಂಬರ್ ಹೋಗಿರಬಹುದು!

ನಮ್ಮ ಪಿರಿಯಾಪಟ್ಟಣ, ಹುಣಸೂರು ಕಡೆ ಈಗ ಹೊಗೆಸೊಪ್ಪಿನ ದರ, ಪಹಣಿ, ಮಳೆ, ಬ್ಯಾರನ್ ರಿಪೇರಿಗೆ ಸಾಲ, ಎಲ್ಲವನ್ನೂ ಮೊಬೈಲ್‌ನಲ್ಲೇ ಹುಡುಕುತ್ತೇವೆ. ಸಾಲದ ಜಾಹೀರಾತು ತೆರೆದು, ಫೋನ್ ನಂಬರ್ ಬರೆದು, ಆಮೇಲೆ ‘ಬೇಡಪ್ಪ’ ಅಂತ ಸಬ್ಮಿಟ್ ಒತ್ತದೆ ವಾಪಸ್ ಬರುವವರನ್ನು ನಾನು ಬಹಳ ನೋಡಿದ್ದೇನೆ. ನಂಬರ್ ಕಳಿಸಲೇ ಇಲ್ವಲ್ಲ ಅನ್ನೋದು ಅವರ ಧೈರ್ಯ. ಆ ಧೈರ್ಯವನ್ನು ನಂಬಬೇಡಿ.

ಒಂದೇ ಪುಟ, ಹಲವರ ಕೋಡ್

ನಾಟಿ ಕೆಲಸಕ್ಕೆ ಮೇಸ್ತ್ರಿಗೆ ಹೇಳ್ತೀವಿ. ಮೇಸ್ತ್ರಿ ಗೊತ್ತು, ಅವನು ಕರೆತರುವ ಆಳುಗಳೆಲ್ಲ ಗೊತ್ತಿರಲ್ಲ. ವೆಬ್‌ಸೈಟೂ ಹಾಗೇ. ಜಾಹೀರಾತಿಗೆ, ನೋಡುಗರ ಲೆಕ್ಕಕ್ಕೆ, ಚಾಟ್‌ಗೆ ಅಂತ ಬೇರೆ ಕಂಪನಿಗಳ ಕೋಡನ್ನು ಸೈಟಿನವರು ಸೇರಿಸಿರುತ್ತಾರೆ. ಪುಟಕ್ಕೆ ನೇರವಾಗಿ ಸೇರಿದ ಕೋಡ್, ನೀವು ಅಲ್ಲಿ ಬರೆಯುವ ಒಂದೊಂದು ಅಕ್ಷರವನ್ನೂ ಓದಬಲ್ಲದು.

ಯುರೋಪಿನ ಸಂಶೋಧಕರು 1 ಲಕ್ಷ ಸೈಟ್‌ಗಳನ್ನು ಪರೀಕ್ಷಿಸಿ 2022ರಲ್ಲಿ ವರದಿ ಕೊಟ್ಟರು. ಯುರೋಪಿನಿಂದ ತೆರೆದಾಗ 1,844, ಅಮೆರಿಕದಿಂದ ತೆರೆದಾಗ 2,950 ಸೈಟ್‌ಗಳಲ್ಲಿ, ಬರೆದ ಇಮೇಲ್ ವಿಳಾಸ ಸಬ್ಮಿಟ್ ಒತ್ತುವ ಮೊದಲೇ ಟ್ರ್ಯಾಕಿಂಗ್ ಕಂಪನಿಗಳಿಗೆ ಹೋಗುತ್ತಿತ್ತು. ಫೋನ್ ನಂಬರ್ ಕೂಡ ಇದೇ ದಾರಿಯಲ್ಲಿ ಹೋಗಬಹುದು.

ಸೈಟಿನವರು ಒಳ್ಳೆಯವರಾದರೆ ಸಾಲದು. ‘ಪಾಲಿಫಿಲ್’ ಎಂಬ ಕೋಡನ್ನು 1 ಲಕ್ಷಕ್ಕೂ ಹೆಚ್ಚು ಸೈಟ್‌ಗಳು ಬಳಸುತ್ತಿದ್ದವು. ಅದನ್ನು ಹಂಚುತ್ತಿದ್ದ ಸೈಟು 2024ರ ಫೆಬ್ರವರಿಯಲ್ಲಿ ಬೇರೆ ಕಂಪನಿಯ ಕೈ ಸೇರಿತು. ಜೂನ್ ಹೊತ್ತಿಗೆ ಆ ಕೋಡ್ ಮೊಬೈಲ್ ಬಳಕೆದಾರರನ್ನು ಬೆಟ್ಟಿಂಗ್ ಸೈಟಿಗೆ ತಳ್ಳುತ್ತಿದ್ದುದು ಬಯಲಾಯಿತು.

ನಿಮ್ಮ ನಂಬರಿನ ಜೊತೆಗೆ ‘ಇವರಿಗೆ ಸಾಲ ಬೇಕು’ ಅನ್ನೋ ಸುಳಿವೂ ಸಿಕ್ಕರೆ ಮೋಸಗಾರನಿಗೆ ಇನ್ನೇನು ಬೇಕು? ‘ಸಾಲ ಮಂಜೂರಾಗಿದೆ, ಮೊದಲು ಫೀಸು ಕಟ್ಟಿ’ ಅಂತ ಕರೆ ಬರುತ್ತೆ.

ಹೀಗೆ ಮಾಡಿ

• ಬಡ್ಡಿ, ದರ ತೋರಿಸುವ ಮೊದಲೇ ನಂಬರ್ ಕೇಳುವ ಪುಟದಲ್ಲಿ ಏನನ್ನೂ ಬರೆಯಬೇಡಿ. ಸಾಲದ ವಿಚಾರ ನಿಮ್ಮ ಬ್ಯಾಂಕ್ ಅಥವಾ ಸೊಸೈಟಿಯಲ್ಲೇ ಕೇಳಿ.

• ಪಹಣಿ, ಪಿಎಂ-ಕಿಸಾನ್ ನೋಡುವಾಗ ಸೈಟಿನ ಹೆಸರು ‘ಡಾಟ್ ಜಿಒವಿ ಡಾಟ್ ಇನ್’ ಎಂದೇ ಮುಗಿಯುತ್ತಾ ನೋಡಿ. ಆಮೇಲೆ ಆಧಾರ್, ಸರ್ವೆ ನಂಬರ್ ಹಾಕಿ.

• ನಾನು ಫೈರ್‌ಫಾಕ್ಸ್ ಬ್ರೌಸರಿಗೆ ‘ಯುಬ್ಲಾಕ್ ಒರಿಜಿನ್’ ಹಾಕಿಕೊಂಡಿದ್ದೇನೆ. ಉಚಿತ. ಬಹಳಷ್ಟು ಟ್ರ್ಯಾಕಿಂಗ್ ಕೋಡನ್ನು ಅದು ತಡೆಯುತ್ತೆ, ಎಲ್ಲವನ್ನೂ ಅಲ್ಲ.

• ಕ್ರೋಮ್ ಬಳಸುವವರು ಸೈಟ್ ಸೆಟ್ಟಿಂಗ್ಸ್‌ನಲ್ಲಿ ಥರ್ಡ್ ಪಾರ್ಟಿ ಕುಕೀಗಳನ್ನು ಬ್ಲಾಕ್ ಮಾಡಿ. ಇದರಿಂದ ಬೆನ್ನು ಹತ್ತುವ ಜಾಹೀರಾತು ಕಡಿಮೆಯಾಗಬಹುದು, ಬರೆದದ್ದನ್ನು ಓದುವುದು ನಿಲ್ಲಲ್ಲ. ಇನ್‌ಕಾಗ್ನಿಟೋದಲ್ಲಿ ತೆರೆದರೂ ಅಷ್ಟೇ.

ಇವತ್ತು ಸಂಜೆ ಐದು ನಿಮಿಷ ಬಿಡುವು ಮಾಡಿಕೊಂಡು, ಅಪ್ಪ-ಅಮ್ಮನ ಫೋನಿನಲ್ಲೂ ಇದನ್ನು ಮಾಡಿಕೊಡಿ.