ಬಿರಿಯುವ ನೆಲ, ಬಿರಿಯುವ ಬಣ್ಣ

ಬೇಸಗೆಯ ದಿನಗಳಲ್ಲಿ ಸಿಂಧನೂರಿನ ಕಡೆಯ ಎರೆ ಹೊಲಗಳನ್ನು, ಅದರಲ್ಲಿಯೂ ಕಾಲುವೆಯ ನೀರು ಮುಟ್ಟದ ಹೊಲಗಳನ್ನು, ನೋಡಿದವರು ಅಲ್ಲಿಯ ಬಿರುಕುಗಳನ್ನು ಮರೆಯಲಾರರು. ಮಳೆಗಾಲದಲ್ಲಿ ಕಾಲಿಗೆ ಮೆತ್ತಿಕೊಂಡು ಬಿಡದಿದ್ದ ಮಣ್ಣೇ ಈಗ ಕೈ ತೂರುವಷ್ಟು ಬಾಯ್ದೆರೆದು ನಿಂತಿರುತ್ತದೆ. ಈ ನೋಟವನ್ನು ಚಿತ್ರದಲ್ಲಿ ಹಿಡಿಯಬೇಕೆಂದು ಆ ಊರಿನ ಚಿತ್ರಕಲಾ ವಿದ್ಯಾರ್ಥಿಯೊಬ್ಬನು ಹೊರಟನೆಂದು ಭಾವಿಸೋಣ. ನಯವಾದ ಹಾಳೆಯ ಮೇಲೆ ತೆಳುವಾಗಿ ಬಳಿದ ಬಣ್ಣದಿಂದ ಅವನಿಗೆ ತೃಪ್ತಿಯಿಲ್ಲ. ಹೊಲದ ಮಣ್ಣನ್ನೇ ತಂದು, ಜಾಲಿಯ ಅಂಟಿನ ನೀರಿನಲ್ಲಿ ಕಲಸಿ, ಹಲಗೆಯ ಮೇಲೆ ಬೆರಳು ದಪ್ಪಕ್ಕೆ ಮೆತ್ತುತ್ತಾನೆ. ಎರಡು ದಿನ ಕಳೆಯುವಷ್ಟರಲ್ಲಿ ಚಿತ್ರವು ಬಿರಿದು, ಅಂಚುಗಳು ಮೇಲಕ್ಕೆದ್ದು, ಚಕ್ಕೆಗಳು ಉದುರತೊಡಗುತ್ತವೆ. ತಪ್ಪು ಕೈಯದೋ, ಮಣ್ಣಿನದೋ? ಈ ಪ್ರಶ್ನೆಗೆ ಉತ್ತರವನ್ನು ಹುಡುಕುವುದು ಕಲೆಗೆ ಎಷ್ಟು ಅಗತ್ಯವೋ ವಿಜ್ಞಾನಕ್ಕೂ ಅಷ್ಟೇ ಸ್ವಾರಸ್ಯದ ವಿಷಯ.

ನೆರಳೂ ಒಂದು ಬಣ್ಣ

ಮೊದಲು, ಬಣ್ಣವನ್ನು ದಪ್ಪನಾಗಿ ಹಚ್ಚುವುದೇತಕ್ಕೆ? ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ದಾರಿಯಲ್ಲಿರುವ ಮಸ್ಕಿಗೆ ಹೋದರೆ ಇದಕ್ಕೆ ಉತ್ತರ ದೊರೆಯುತ್ತದೆ. ಅಶೋಕನ ಹೆಸರನ್ನೇ ಹೇಳುವ ಶಾಸನವು ಅಲ್ಲಿಯ ಬಂಡೆಯ ಮೇಲಿದೆ. 1915ರಲ್ಲಿ ಅದನ್ನು ಕಂಡುಹಿಡಿದವನು ಸಿ. ಬೀಡನ್ ಎಂಬ ಗಣಿ ಎಂಜಿನಿಯರ್. ಕಲ್ಲಿನ ಮೇಲೆ ಕೊರೆದ ಇಂಥ ಅಕ್ಷರಗಳಿಗೆ ಬೇರೆ ಬಣ್ಣವಿಲ್ಲ. ಅಕ್ಷರವೂ ಕಲ್ಲೇ, ಹಿನ್ನೆಲೆಯೂ ಕಲ್ಲೇ. ನಡುಹಗಲಿನ ನೇರ ಬೆಳಕಿನಲ್ಲಿ ಅವು ಮಸುಕಾಗುತ್ತವೆ. ಬೆಳಕು ಓರೆಯಾಗಿ ಬಿದ್ದಾಗ ಪ್ರತಿಯೊಂದು ಗೆರೆಯೂ ತನ್ನ ನೆರಳಿನಿಂದಲೇ ಎದ್ದು ಕಾಣುತ್ತದೆ. ದಪ್ಪ ಬಣ್ಣದ ಚಿತ್ರದಲ್ಲಿ ನಡೆಯುವುದೂ ಇದೇ. ಕುಂಚವೋ ಕರಣೆಯೋ ಎಬ್ಬಿಸಿದ ಏಣುಗಳು ಬೆಳಕನ್ನು ಒಂದು ಕಡೆ ಹಿಡಿದು ಇನ್ನೊಂದು ಕಡೆ ನೆರಳನ್ನು ಚೆಲ್ಲುತ್ತವೆ. ಚಿತ್ರಕಾರನ ಕೈ ಎತ್ತ ಓಡಿತು, ಎಲ್ಲಿ ತಡೆಯಿತು, ಎಲ್ಲಿ ಒತ್ತಿತು ಎಂಬುದೆಲ್ಲ ಅದರಲ್ಲಿ ದಾಖಲಾಗುತ್ತದೆ. ವ್ಯಾನ್ ಗೋನ ಚಿತ್ರಗಳ ಆವೇಗವು ಬಹುಮಟ್ಟಿಗೆ ಈ ಏಣುಗಳಿಂದಲೇ ಬಂದಿದೆ.

ಮಣ್ಣು ಬಿರಿಯುವ ಬಗೆ

ಎರೆ ಮಣ್ಣಿನಲ್ಲಿ ಸ್ಮೆಕ್ಟೈಟ್ ಎಂಬ ಗುಂಪಿನ ಜೇಡಿ ಖನಿಜಗಳು ಹೆಚ್ಚು. ಪುಸ್ತಕದ ಹಾಳೆಗಳಂತೆ ಒಂದರ ಮೇಲೊಂದು ಕುಳಿತ ಅತಿ ಸೂಕ್ಷ್ಮವಾದ ಪದರಗಳಿಂದ ಇವು ಆಗಿವೆ. ನೀರು ಈ ಪದರಗಳ ನಡುವೆಯೇ ನುಗ್ಗುವುದರಿಂದ ಮಣ್ಣು ಉಬ್ಬುತ್ತದೆ. ನೀರು ಆರಿದಾಗ ಪದರಗಳು ಮತ್ತೆ ಹತ್ತಿರವಾಗಿ ಮಣ್ಣು ಕುಗ್ಗುತ್ತದೆ. ಮಸಾರಿ ಎಂದು ಕರೆಯುವ ಕೆಂಪು ಮಣ್ಣಿನಲ್ಲಿ ಸಾಮಾನ್ಯವಾಗಿ ಕೆಯೊಲಿನೈಟ್ ಖನಿಜವು ಹೆಚ್ಚಾಗಿರುತ್ತದೆ. ಅದರ ಪದರಗಳು ನೀರನ್ನು ಒಳಗೆ ಬಿಡುವುದಿಲ್ಲವಾದ್ದರಿಂದ ಈ ಮಣ್ಣು ಅಷ್ಟಾಗಿ ಕುಗ್ಗದು.

ಕುಗ್ಗುವುದೊಂದೇ ಬಿರುಕಿಗೆ ಕಾರಣವಲ್ಲ. ಹಲಗೆಗೆ ಅಂಟಿದ ಮಣ್ಣಿನ ಕೆಳಭಾಗವು ಸರಿಯಲಾರದು; ಮೇಲ್ಭಾಗವಾದರೋ ಕುಗ್ಗಲೇಬೇಕು. ಈ ಸೆಳೆತವು ಮಣ್ಣಿನ ಬಲವನ್ನು ಮೀರಿದಾಗ ಅದು ಸೀಳುತ್ತದೆ. ಪದರವು ತೀರ ತೆಳುವಾಗಿದ್ದರೆ ಸೀಳು ಹುಟ್ಟದೆಯೂ ಹೋಗಬಹುದು. ದಪ್ಪ ಹೆಚ್ಚಿದಂತೆಲ್ಲ ಬಿರುಕುಗಳ ನಡುವಣ ಅಂತರವೂ ಹೆಚ್ಚುತ್ತದೆ. ಮೊದಲ ಸಲ ಒಣಗುವಾಗ ಒಂದು ಬಿರುಕು ಇನ್ನೊಂದನ್ನು ಹೆಚ್ಚುಕಡಮೆ ಲಂಬಕೋನದಲ್ಲಿ ಸೇರುತ್ತದೆ. ಮತ್ತೆ ಮತ್ತೆ ನೆನೆದು ಒಣಗಿದಾಗ ಮೂರು ಬಿರುಕುಗಳು ಸುಮಾರು 120 ಅಂಶದ ಕೋನಗಳಲ್ಲಿ ಕೂಡುವತ್ತ ಸಾಗುತ್ತವೆ.

ಮೂರು ಹಲಗೆಗಳು

ಓದುಗರು ಇದನ್ನು ತಾವೇ ಪರೀಕ್ಷಿಸಬಹುದು. ಒಂದೇ ಅಳತೆಯ ಮೂರು ಹಲಗೆಗಳನ್ನು ತೆಗೆದುಕೊಳ್ಳಿರಿ. ಮೊದಲನೆಯದಕ್ಕೆ ಅಂಟಿನಲ್ಲಿ ಕಲಸಿದ ಬರಿಯ ಎರೆ ಮಣ್ಣು. ಎರಡನೆಯದಕ್ಕೆ ಒಂದು ಪಾಲು ಎರೆ, ಎರಡು ಪಾಲು ತೊಳೆದ ಸಣ್ಣ ಮರಳು. ಮೂರನೆಯದಕ್ಕೆ ಅದೇ ಮಿಶ್ರಣದೊಡನೆ ಸಣ್ಣಗೆ ಕತ್ತರಿಸಿದ ನೆಲ್ಲು ಹುಲ್ಲು. ದಪ್ಪವು ಮೂರರಲ್ಲಿಯೂ ಒಂದೇ ಇರಲಿ, ನೆರಳಿನಲ್ಲಿ ಒಣಗಲಿ. ಮೊದಲನೆಯದು ಚೆನ್ನಾಗಿ ಬಿರಿಯುವುದು. ಮರಳಿನ ಕಣಗಳು ಕುಗ್ಗದವಾದುದರಿಂದ ಎರಡನೆಯದರಲ್ಲಿ ಬಿರುಕು ಕಡಮೆ. ಮೂರನೆಯದರಲ್ಲಿ ಹುಲ್ಲಿನ ಎಳೆಗಳು ಬಿರುಕಿಗೆ ಅಡ್ಡಲಾಗಿ ಸೇತುವೆಯಂತೆ ನಿಂತು ಅದು ಅಗಲವಾಗದಂತೆ ಹಿಡಿದಿಡುತ್ತವೆ. ಮಣ್ಣಿನ ಗೋಡೆ ಕಟ್ಟುವಾಗ ನಮ್ಮ ಹಳ್ಳಿಯವರು ಹುಲ್ಲು ಹೊಟ್ಟುಗಳನ್ನು ಸೇರಿಸಿ ತುಳಿಯುತ್ತಿದ್ದುದರ ಗುಟ್ಟು ಇದೇ ಅಲ್ಲವೆ?

ಎಣ್ಣೆಯ ಬಣ್ಣದ ನಡತೆಯೇ ಬೇರೆ. ಅಗಸೆ ಎಣ್ಣೆಯಿಂದ ನೀರು ಆರುವುದಿಲ್ಲ. ಅದು ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ಗಟ್ಟಿಯಾದ ಬಲೆಯಾಗಿ ಮಾರ್ಪಡುತ್ತದೆ. ಎರೆ ಭೂಮಿಯ ಬೆಳೆಯಾದ ಕುಸುಬೆಯ ಎಣ್ಣೆಯೂ ಹೀಗೆಯೇ, ಆದರೆ ಇನ್ನೂ ನಿಧಾನವಾಗಿ, ಗಟ್ಟಿಯಾಗುತ್ತದೆ. ಅದು ಹಳದಿಗೆ ತಿರುಗುವುದು ಕಡಮೆ. ಶೇಂಗಾ ಎಣ್ಣೆ ಈ ಕೆಲಸಕ್ಕೆ ಬಾರದು. ದಪ್ಪ ಬಣ್ಣದ ಮೇಲ್ಮೈ ಮೊದಲು ಕೆನೆಗಟ್ಟಿ, ಒಳಗು ತಿಂಗಳುಗಟ್ಟಲೆ ಮೆತ್ತಗಿರುವುದುಂಟು. ಆದುದರಿಂದ ಕೆಳಗಿನ ಪದರದಲ್ಲಿ ಎಣ್ಣೆ ಕಡಮೆ, ಮೇಲಿನದರಲ್ಲಿ ಹೆಚ್ಚು ಎಂಬುದು ಚಿತ್ರಕಾರರ ಹಳೆಯ ನಿಯಮ. ಇದು ತಲೆಕೆಳಗಾದರೆ, ಮೇಲಿನ ಪದರವು ಗಟ್ಟಿಯಾದ ಮೇಲೆಯೂ ಕೆಳಗಿನದು ಅಲುಗಾಡುತ್ತಿದ್ದು ಚಿತ್ರವನ್ನು ಸೀಳುತ್ತದೆ.

ಹದಿನೇಳನೆಯ ಶತಮಾನದ ಡಚ್ ಚಿತ್ರಕಾರ ರೆಂಬ್ರಾಂಟನ ದಪ್ಪ ಬಣ್ಣದ ಚೂರುಗಳಲ್ಲಿ ಪ್ಲಂಬೊನಾಕ್ರೈಟ್ ಎಂಬ ಅಪರೂಪದ ಸೀಸದ ಸಂಯುಕ್ತವಿರುವುದನ್ನು ವಿಜ್ಞಾನಿಗಳು 2019ರಲ್ಲಿ ಪ್ರಕಟಿಸಿದರು. ಆ ಮಹಾ ಕಲಾವಿದನೂ ಬಣ್ಣವು ಕುಸಿಯದೆ ನಿಲ್ಲುವಂತೆ ಮಾಡಲು ತನ್ನದೇ ಪಾಕವನ್ನು ಹದಗೊಳಿಸಿಕೊಂಡಿದ್ದನೆಂದು ಇದರಿಂದ ಊಹಿಸಬಹುದು. ಆದರೆ ಸೀಸವು ವಿಷ; ಇಂದಿನ ವಿದ್ಯಾರ್ಥಿಗೆ ಟೈಟಾನಿಯಂ ಬಿಳಿಯೇ ಸಾಕು.

ವಿಷದ ಮಾತು ಬಂದುದರಿಂದ ಇನ್ನೊಂದು ಎಚ್ಚರಿಕೆಯನ್ನು ಹೇಳಲೇಬೇಕು. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಚಿನ್ನದ ಗಣಿಯಿದೆ. ಅದಿರನ್ನು ನುಣ್ಣಗೆ ಅರೆದು ಚಿನ್ನ ತೆಗೆದ ಮೇಲೆ ಉಳಿಯುವ ಪುಡಿ ಮರಳಿನಂತೆಯೇ ತೋರುತ್ತದೆ. ಚಿತ್ರಕ್ಕೆ ತಕ್ಕುದೆಂಬ ಆಸೆಯೂ ಹುಟ್ಟಬಹುದು. ಅದನ್ನು ಮುಟ್ಟಲೇಬಾರದು. ಅಲ್ಲಿಯ ಅದಿರಿನಲ್ಲಿ ಆರ್ಸೆನಿಕ್ ಉಳ್ಳ ಖನಿಜಗಳಿವೆ. ಚಿನ್ನವನ್ನು ಬೇರ್ಪಡಿಸಲು ಸಯನೈಡನ್ನು ಬಳಸುತ್ತಾರೆ. ಹೊಲದ ಮಣ್ಣನ್ನಾದರೂ ಜರಡಿ ಹಿಡಿಯುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುವುದು ಲೇಸು.

ಈಗ ನಮ್ಮ ವಿದ್ಯಾರ್ಥಿಯ ಹಲಗೆಗೆ ಮರಳೋಣ. ಅವನು ಮೊದಲು ಮರಳು, ಹುಲ್ಲು ಬೆರೆಸಿದ ಗಟ್ಟಿಯಾದ ತಳವನ್ನು ಹಾಕಿ ಪೂರ್ತಿ ಒಣಗಿಸಲಿ. ಅದರ ಮೇಲೆ, ತನಗೆ ಬೇಕಾದ ಕಡೆ ಮಾತ್ರ, ಬರಿಯ ಎರೆಯನ್ನು ಹಚ್ಚಲಿ. ಸಣ್ಣ ಬಿರುಕು ಬೇಕೆಂದಲ್ಲಿ ತೆಳುವಾಗಿ, ದೊಡ್ಡದು ಬೇಕೆಂದಲ್ಲಿ ದಪ್ಪನಾಗಿ. ಒಣಗಿದ ಮೇಲೆ ತೆಳ್ಳನೆಯ ಅಂಟಿನ ನೀರನ್ನು ಬಿರುಕುಗಳಿಗೆ ಕುಡಿಸಿದರೆ ಚಕ್ಕೆಗಳು ತಳವನ್ನು ಕಚ್ಚಿ ನಿಲ್ಲುತ್ತವೆ. ಮೊದಲ ಸಲ ಅವನ ಚಿತ್ರವನ್ನು ಕೆಡಿಸಿದ ಬಿರುಕೇ ಈಗ ಅವನ ರೇಖೆಯಾಗುತ್ತದೆ. ನೆಲವು ಬಿರಿಯುವ ನಿಯಮವನ್ನು ತಿಳಿದವನಿಗೆ ಬಿರುಕನ್ನು ಬರೆಯಬೇಕಾದ ಶ್ರಮವಿಲ್ಲ. ನೆಲವೇ ಅವನಿಗಾಗಿ ಬರೆದುಕೊಡುತ್ತದೆ.