ಊರಿನ ಮನೆಯೂ ಮುಂಬಯಿಯ ರೂಮೂ

ಮುಂಬಯಿಯಲ್ಲಿರುವ ನಮ್ಮವರೊಡನೆ ‘ತಮ್ಮ ಮನೆ ಎಲ್ಲಿ?’ ಎಂದು ಕೇಳಿದರೆ ಕಾರ್ಕಳವೋ ಕುಂದಾಪುರವೋ ಮೂಲ್ಕಿಯೋ ಉತ್ತರವಾಗಿ ಬರುತ್ತದೆ. ‘ಹಾಗಾದರೆ ಈಗ ಇರುವುದು?’ ಎಂದರೆ, ‘ಓ, ಅದು ದಾದರಿನಲ್ಲಿ ಒಂದು ರೂಮು’ ಎನ್ನುತ್ತಾರೆ. ಆ ರೂಮಿನಲ್ಲಿ ತೊಟ್ಟಿಲು ಕಟ್ಟಿದ್ದಾಗಿದೆ, ಮಕ್ಕಳ ಮದುವೆಯ ಮಾತುಕತೆ ನಡೆದಿದೆ, ನಲವತ್ತು ವರ್ಷಗಳು ಸಂದಿವೆ. ಆದರೂ ಅದು ರೂಮು. ವರ್ಷಕ್ಕೆ ಹದಿನೈದು ದಿನ ಬಾಗಿಲು ತೆರೆಯುವ ಊರಿನ ಕಟ್ಟಡವೇ ಮನೆ. ಈ ಶಬ್ದಭೇದದಲ್ಲಿಯೇ ನಮ್ಮ ಅರ್ಧ ತೊಡಕು ಅಡಗಿದೆಯೆಂದು ನಮಗೆ ತೋರುತ್ತದೆ.

ಮನೆಯ ವಿಷಯದಲ್ಲಿ ಒಂದು ನಿಶ್ಚಯಕ್ಕೆ ಬಾರದಿರುವುದಕ್ಕೆ ಹಣದ ಅಡಚಣೆಯೇ ಕಾರಣವೆಂದು ಹೇಳುವುದು ವಾಡಿಕೆ. ಅದು ಸುಳ್ಳೆಂದು ನಾವು ಹೇಳಲಾರೆವು. ಆದರೆ ಪತ್ರಿಕೆಯ ಮೇಜಿಗೆ ಬರುವ ಮುನ್ನ ಹೊಟೇಲಿನ ಗಲ್ಲಾದಲ್ಲಿ ಕುಳಿತು ಕಳೆದ ವರ್ಷಗಳಲ್ಲಿ, ಬೇಕಾದಷ್ಟು ಹಣವಿದ್ದೂ ಕೈಕಟ್ಟಿ ಕುಳಿತವರನ್ನು ಕಂಡಿದ್ದೇವೆ. ಸಾಲದ ಹೊರೆಯಿದ್ದೂ ಸಕಾಲದಲ್ಲಿ ಒಂದು ಸೂರು ಮಾಡಿಕೊಂಡವರನ್ನೂ ಕಂಡಿದ್ದೇವೆ. ಅಡ್ಡಿಯು ಅನೇಕ ವೇಳೆ ಮನಸ್ಸಿನೊಳಗೇ ಇರುತ್ತದೆ.

ಅವುಗಳಲ್ಲಿ ಮೊದಲನೆಯದು, ‘ನಾವು ಹೇಗೂ ಊರಿಗೆ ಹೋಗುವವರು’ ಎಂಬ ಮಾತು. ನಮ್ಮ ಹೊಟೇಲಿನಲ್ಲಿ ಮೇನೇಜರರಾಗಿದ್ದ ಹಿರಿಯರೊಬ್ಬರಿಗೆ ಡೊಂಬಿವಲಿಯಲ್ಲಿ ಒಂದು ಬ್ಲಾಕು ಸುಲಭ ಕ್ರಯಕ್ಕೆ ಒದಗಿ ಬಂದಿತ್ತು. ‘ತೆಗೆದುಕೊಳ್ಳಿ ಅಣ್ಣ’ ಎಂದುದಕ್ಕೆ, ‘ನಾಲ್ಕು ವರ್ಷದಲ್ಲಿ ಊರಿಗೆ ಹೋಗುವವನಿಗೆ ಬ್ಲಾಕು ಯಾಕೆ ತಮ್ಮ?’ ಎಂದರು. ಆ ನಾಲ್ಕು ವರ್ಷ ಹದಿನೇಳಾಯಿತು. ಪರೇಲಿನ ಚಾಳಿನ ಒಂದೇ ಪಗಡಿ ಖೋಲಿಯಲ್ಲಿ ಅವರ ಇಬ್ಬರು ಮಕ್ಕಳು ಬೆಳೆದು ದೊಡ್ಡವರಾದರು. ಊರಿಗೆ ಹೋಗಬೇಕೆಂಬ ಆಸೆಯಲ್ಲಿ ತಪ್ಪೇನೂ ಇಲ್ಲ. ಆದರೆ ಆ ಆಸೆಗೆ ತಾರೀಕು ಇಲ್ಲದಿದ್ದಾಗ ಅದು ಉಳಿದೆಲ್ಲ ನಿರ್ಧಾರಗಳ ಬಾಗಿಲಿಗೂ ಬೀಗ ಹಾಕುತ್ತದೆ.

ಕಾನೂನು ನಮ್ಮ ಆಸೆಗಾಗಿ ಕಾಯುವುದಿಲ್ಲ ಎಂಬುದನ್ನು ಪಗಡಿ ಖೋಲಿಗಳಲ್ಲಿರುವ ವಾಚಕರು ವಿಶೇಷವಾಗಿ ಗಮನಿಸಬೇಕು. 1947ರ ಮುಂಬಯಿ ಬಾಡಿಗೆ ಕಾಯಿದೆಯ ನೆರಳಿನಲ್ಲಿ ನಮ್ಮ ಹಿಂದಿನ ತಲೆಮಾರು ಅತ್ಯಲ್ಪ ಬಾಡಿಗೆಯಲ್ಲಿ ಬದುಕಿತು. ಅದರ ಸ್ಥಾನದಲ್ಲಿ ಬಂದ 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆಯು 2000ದ ಮಾರ್ಚ್ 31ರಿಂದ ಜಾರಿಯಲ್ಲಿದೆ. ಅದು ಪಗಡಿಯ ಲೇವಾದೇವಿಗೆ ಮಾನ್ಯತೆ ಕೊಟ್ಟಿತು. ಬಾಡಿಗೆಯನ್ನು ವರ್ಷಕ್ಕೆ ಶೇಕಡಾ 4ರಂತೆ ಏರಿಸಲು ಮಾಲಕರಿಗೆ ಅವಕಾಶವಿತ್ತಿತು. ಆದರೆ ನಮ್ಮವರನೇಕರ ಅರಿವಿಗೆ ಬಾರದ ಎರಡು ಸಂಗತಿಗಳು ಅದರಲ್ಲಿವೆ. ಸಕಾರಣವಿಲ್ಲದೆ ಖೋಲಿಯನ್ನು ಎಡೆಬಿಡದೆ ಆರು ತಿಂಗಳು ಉಪಯೋಗಿಸದೆ ಬಿಟ್ಟರೆ ಮಾಲಕನು ಅದನ್ನು ಮರಳಿ ಪಡೆಯಲು ದಾವೆ ಹೂಡಬಹುದು. ಬಾಡಿಗೆದಾರನು ತೀರಿಕೊಂಡರೆ, ಆಗ ಅವನೊಡನೆ ಅಲ್ಲಿ ವಾಸವಾಗಿದ್ದ ಕುಟುಂಬದವರಿಗೆ ಖೋಲಿಯ ಹಕ್ಕು ಮೊದಲು ಸಲ್ಲುತ್ತದೆ. ಹೆಂಡತಿ ಮಕ್ಕಳನ್ನು ಊರಿನಲ್ಲಿರಿಸಿ, ತಾನೊಬ್ಬನೇ ಇಲ್ಲಿದ್ದು, ರಶೀದಿ ಪುಸ್ತಕವನ್ನು ಟ್ರಂಕಿನ ತಳದಲ್ಲಿ ಬಚ್ಚಿಟ್ಟವನ ಸಂಸಾರಕ್ಕೆ ಮುಂದೆ ಎಂತಹ ಫಜೀತಿ ಒದಗಬಹುದೆಂಬುದನ್ನು ವಿವರಿಸಬೇಕಾಗಿಲ್ಲ.

ಎರಡನೆಯ ಅಡ್ಡಿ ಅಭಿಮಾನದ್ದು. ಮುಂಬಯಿಗೆ ಹೋದವನು ಊರಿನಲ್ಲಿ ದೊಡ್ಡ ಮನೆ ಕಟ್ಟಿಸದಿದ್ದರೆ ನಾಲ್ಕು ಜನ ಏನೆಂದಾರು? ಇಲ್ಲಿ ನೀರಿಗೆ ಸರದಿ ನಿಲ್ಲುವವರು ಅಲ್ಲಿ ಆರು ಕೋಣೆಯ ಮಾಳಿಗೆ ಮನೆ ಕಟ್ಟಿಸಿ, ಒಕ್ಕಲಿನ ಊಟ ಹಾಕಿ, ಮರುವಾರ ಬೀಗ ಜಡಿದು ರೈಲು ಹತ್ತುತ್ತಾರೆ. ಕರಾವಳಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಹಂಚಿನ ಮನೆಯಲ್ಲಿ ಒಂದು ಹಂಚು ಸರಿದರೆ ಸಾಕು, ಆ ವರ್ಷ ಪಕ್ಕಾಸು ನೆನೆಯುತ್ತದೆ, ಮರುವರ್ಷ ಗೆದ್ದಲು ಹಿಡಿಯುತ್ತದೆ. ಹೊಗೆಯಾಡದ, ಗುಡಿಸದ, ಕಿಟಕಿ ತೆರೆಯದ ಮನೆ ಎಷ್ಟು ಬೇಗ ಹಾಳಾಗುತ್ತದೆಂಬುದು ಊರಿನಲ್ಲಿರುವವರಿಗೆ ಗೊತ್ತು. (ಕಟ್ಟಿಸಿದವರಿಗೆ ಅದನ್ನು ತಿಳಿಸುವ ಧೈರ್ಯ ಮಾತ್ರ ಯಾರಿಗೂ ಇಲ್ಲ.)

ಕುಟುಂಬದ ಮನೆಯ ಪ್ರಶ್ನೆ ಇನ್ನೂ ಸೂಕ್ಷ್ಮವಾದುದು. ಅಳಿಯಕಟ್ಟಿನ ಕುಟುಂಬಗಳಲ್ಲಿ ಹಿರಿಯರ ಮನೆಯು ಯಾರೊಬ್ಬರದೂ ಅಲ್ಲ, ಆದರೆ ಎಲ್ಲರದೂ ಹೌದು. ಅಲ್ಲಿ ದೈವದ ಚಾವಡಿಯಿದೆ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ಅನಂತರ ಪಾಲಿನ ಹಕ್ಕುಗಳು ಮಾರ್ಪಟ್ಟವು. ಮಕ್ಕಳಕಟ್ಟಿನವರಲ್ಲಿ 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳೂ ಹುಟ್ಟಿನಿಂದಲೇ ಸಮಪಾಲಿನವರಾದರು. ಕಾಗದದ ಮೇಲೆ ಇವೆಲ್ಲ ಸ್ಪಷ್ಟವೇ. ಆದರೆ ‘ಪಾಲು ಮಾಡಿದರೆ ದೈವ ಮುನಿದೀತು’ ಎಂಬ ಹೆದರಿಕೆಯಿಂದ ಯಾರೂ ಬಾಯಿ ಬಿಡುವುದಿಲ್ಲ. ಮಾಡು ಕುಸಿಯುವವರೆಗೆ ರಿಪೇರಿಗೂ ಕೈಹಾಕುವುದಿಲ್ಲ. ಚಾವಡಿಯನ್ನೂ ಅದರ ಸುತ್ತಲಿನ ಜಾಗವನ್ನೂ ಎಲ್ಲರಿಗೂ ಸಮಾನವೆಂದು ಪತ್ರದಲ್ಲಿ ಬರೆದಿಟ್ಟು, ಉಳಿದುದನ್ನು ಪಾಲು ಮಾಡಿಕೊಂಡ ಕುಟುಂಬಗಳಿವೆ. ಅಲ್ಲಿ ತಂಬಿಲವೂ ನಿಂತಿಲ್ಲ, ಅಣ್ಣತಮ್ಮಂದಿರ ಮಾತೂ ನಿಂತಿಲ್ಲ. ಭಕ್ತಿಯನ್ನೂ ಸೋಮಾರಿತನವನ್ನೂ ಒಂದೇ ಗಂಟಿನಲ್ಲಿ ಕಟ್ಟಿಡುವುದು ದೈವಕ್ಕೆ ಪ್ರಿಯವೆಂದು ನಮಗೆ ತೋರುವುದಿಲ್ಲ.

ಬಿಲ್ಡರರು ಮೋಸ ಮಾಡಿಯಾರೆಂಬ ಭೀತಿಯೂ ಕೆಲವರಿಗಿದೆ. ಅದು ನಿರಾಧಾರವಲ್ಲ. ಆದರೆ 2016ರ ರಿಯಲ್ ಎಸ್ಟೇಟ್ ಕಾಯಿದೆಯ ಮೇರೆಗೆ, ನೋಂದಾಯಿತ ಕರಾರುಪತ್ರವಾಗುವ ಮುನ್ನ ಶೇಕಡಾ 10ಕ್ಕಿಂತ ಹೆಚ್ಚು ಹಣವನ್ನು ಬಿಲ್ಡರನು ಪಡೆಯುವಂತಿಲ್ಲ. ಬ್ಲಾಕಿನ ಅಳತೆಯನ್ನು ಕಾರ್ಪೆಟ್ ಕ್ಷೇತ್ರದಲ್ಲಿಯೇ ಹೇಳತಕ್ಕದ್ದು. ಯೋಜನೆಯ ಮಹಾರೇರಾ ಸಂಖ್ಯೆಯನ್ನು ಕೇಳಿ ಪರಿಶೀಲಿಸಿದವನಿಗೆ ಭಯದ ಬಹುಪಾಲು ಕಡಮೆಯಾದೀತು.

ಇನ್ನು, ಎಲ್ಲಕ್ಕಿಂತ ದೊಡ್ಡದಾಗಿದ್ದೂ ಯಾರೂ ಅಡ್ಡಿಯೆಂದು ಎಣಿಸದ ಒಂದು ಸಂಗತಿಯಿದೆ. ಮನೆಯ ಯಜಮಾನನು ಮನೆಯಲ್ಲಿರುವವರನ್ನು ಕೇಳುವುದಿಲ್ಲ. ಮೇಲೆ ಹೇಳಿದ ಮೇನೇಜರರು ನಿವೃತ್ತರಾದಾಗ ಖೋಲಿಯನ್ನು ಬಿಟ್ಟುಕೊಟ್ಟು ಊರು ಸೇರುವುದೆಂದು ಗೊತ್ತುಮಾಡಿದರು. ಸಾಮಾನು ಕಟ್ಟುವ ಮಾತು ಬಂದಾಗ ಅವರ ಪತ್ನಿ, ‘ಮೂವತ್ತೊಂದು ವರ್ಷ ಈ ಚಾಳಿನಲ್ಲಿ ಬೇಯಿಸಿ ಹಾಕಿದೆ, ಹೋಗುವುದೋ ಬೇಡವೋ ಎಂದು ಒಂದು ದಿನವೂ ನೀವು ನನ್ನನ್ನು ಕೇಳಲಿಲ್ಲ’ ಎಂದರು. ಗಂಡಸಿಗೆ ಊರೆಂದರೆ ಬಾಲ್ಯದ ಗದ್ದೆ, ಕಂಬಳ, ಯಕ್ಷಗಾನ. ಆ ಹೆಂಗಸಿಗೆ ಅದು ಮದುವೆಯಾಗಿ ಎರಡು ವರ್ಷ ಅತ್ತೆಯೊಡನೆ ಕಳೆದ ಮನೆ. ಅವರ ಗೆಳತಿಯರೂ ಭಜನಾ ಮಂಡಳಿಯೂ ರಾತ್ರಿ ಎದೆನೋವು ಬಂದರೆ ಬಾಗಿಲು ತಟ್ಟಬಹುದಾದ ನೆರೆಯವರೂ ಇರುವುದು ಪರೇಲಿನಲ್ಲಿ.

ಆಗ ನಾವು ಅವರಿಗೆ ಹೇಳಿದುದು ಇಷ್ಟೇ: ‘ಅಣ್ಣ, ಖೋಲಿಯನ್ನು ಈಗಲೇ ಬಿಡಬೇಡಿ. ಒಂದು ಮಳೆಗಾಲ ಇಬ್ಬರೂ ಅಲ್ಲಿದ್ದು ಬನ್ನಿ. ಮೇ ತಿಂಗಳ ಮಾವು ಹಲಸಿನ ಊರಲ್ಲ, ಆಟಿಯ ಊರನ್ನು ನೋಡಿ.’ ಜೂನಿನಿಂದ ಸೆಪ್ಟೆಂಬರಿನವರೆಗೆ ನಾಲ್ಕೇ ತಿಂಗಳು; ಕಿರಿಯ ಮಗ ಖೋಲಿಯಲ್ಲಿಯೇ ಇದ್ದುದರಿಂದ ಕಾನೂನಿನ ತೊಡಕೂ ಇರಲಿಲ್ಲ. ಹೊರಡುವ ಮುನ್ನ ಗಂಡಹೆಂಡಿರಿಬ್ಬರೂ ತಮಗೆ ಬೇಕಾದುದನ್ನೂ ಬೇಡವಾದುದನ್ನೂ ಬೇರೆ ಬೇರೆ ಕಾಗದದಲ್ಲಿ ಬರೆದಿಡಬೇಕೆಂದೂ ಸೂಚಿಸಿದೆವು. ಮೇನೇಜರರು ನಕ್ಕರು, ಆದರೆ ಬರೆದರು.

ಆಟಿಯಲ್ಲಿ ಮೂರು ದಿನ ಕರೆಂಟು ಇರಲಿಲ್ಲ. ಪಾಚಿಗಟ್ಟಿದ ಅಂಗಳದಲ್ಲಿ ಅವರೇ ಒಮ್ಮೆ ಜಾರಿದರು. ರಿಕ್ಷಾ ಸಿಗುವ ರಸ್ತೆಗೆ ಮುಕ್ಕಾಲು ಮೈಲಿ ನಡೆಯಬೇಕಾಗಿತ್ತು. ಆದರೆ ವಿಚಿತ್ರವೆಂದರೆ, ಪತ್ನಿಗೆ ಬಾವಿಕಟ್ಟೆಯ ಬಳಿಯ ಬಸಳೆ ಚಪ್ಪರವೂ ನೆರೆಮನೆಯ ಹುಡುಗಿಯೂ ಹಿಡಿಸಿಬಿಟ್ಟವು. ಸಂಜೆಯಾಗುತ್ತಲೇ ಬೇಸರದಿಂದ ಚಡಪಡಿಸಿದವರು ಮೇನೇಜರರು. ಚೌತಿ ಕಳೆದ ಮೇಲೆ ಕಾಗದಗಳನ್ನು ಮುಂದಿಟ್ಟುಕೊಂಡು ಮಾತನಾಡಿದರಂತೆ. ಖೋಲಿಯನ್ನು ಉಳಿಸಿಕೊಂಡರು. ಊರಿನ ಮನೆಯನ್ನು ಅಲ್ಲಿಗೆ ವರ್ಗವಾಗಿ ಬಂದ ಶಾಲಾ ಮಾಸ್ತರರೊಬ್ಬರ ಸಂಸಾರಕ್ಕೆ ಹನ್ನೊಂದು ತಿಂಗಳ ಕರಾರಿನ ಮೇಲೆ ಕೊಟ್ಟರು. ಬಾಡಿಗೆ ಸಣ್ಣದು, ಮಳೆಗೆ ಮುನ್ನ ಹಂಚು ಕೈಯಾಡಿಸುವ ಹೊಣೆ ಮಾಸ್ತರರದು. ದಕ್ಷಿಣದ ಒಂದು ಕೋಣೆಯನ್ನು ಮಾತ್ರ ತಮಗಾಗಿ ಇರಿಸಿಕೊಂಡಿದ್ದಾರೆ. ನವರಾತ್ರಿಗೆ ಅಲ್ಲಿ ಹೋಗಿ ಇಳಿಯುತ್ತಾರೆ. ಬಸಳೆ ಚಪ್ಪರಕ್ಕೆ ನೀರೆರೆಯುವ ವಿಷಯವನ್ನೂ ಕರಾರಿನಲ್ಲಿ ಬರೆಯಿಸಬೇಕೆಂದು ಅತ್ತಿಗೆಯವರು ಹಟ ಹಿಡಿದಿದ್ದರು. ವಕೀಲರು ಒಪ್ಪಲಿಲ್ಲವಾದುದರಿಂದ ಬಾಯಿಮಾತಿನಲ್ಲಿಯೇ ಗೊತ್ತುಮಾಡಿ ಬಂದಿದ್ದಾರೆ.