‘ಬೇಗ ಮುಗಿಸಿ’ ಅನ್ನೋ ಮುಂಚೆ

ಮಳೆಗಾಲದಲ್ಲಿ ಬೆಂಗಳೂರಿನ ರಸ್ತೇಲಿ ದೊಡ್ಡ ಮರ ವಾಲಿದರೆ ಕ್ರೇನ್ ಬರುತ್ತೆ. ಬಾಡಿಗೆ ಗಂಟೆ ಲೆಕ್ಕ, ಹಿಂದೆ ಗಾಡಿಗಳ ಹಾರ್ನ್, ಮೇಲಿಂದ ‘ಇನ್ನೂ ಎಷ್ಟೊತ್ತು?’ ಅನ್ನೋ ಫೋನ್. ಲೆಕ್ಕ ತಪ್ಪೋದು ಇಲ್ಲೇ.

60 ಸೆಂ.ಮೀ. ದಪ್ಪ, 4 ಮೀಟರ್ ಉದ್ದದ ಹಸಿ ಕಾಂಡ ಸುಮಾರು ಒಂದು ಟನ್ ತೂಗಬಹುದು. ಕ್ರೇನ್ ಮೇಲೆ ಬರೆದ ‘10 ಟನ್’ ತೋಳು ಹತ್ತಿರ ಇದ್ದಾಗಿನ ಮಾತು. ತೋಳು ದೂರ ಚಾಚಿದಷ್ಟೂ ಎತ್ತುವ ಶಕ್ತಿ ಇಳಿಯುತ್ತೆ. ಕತ್ತರಿಸಿದ ತುಂಡು ಸರಕ್ಕನೆ ಜಾರಿದರೆ ಆ ಜಗ್ಗಿಗೆ ಹೊರೆ ಇನ್ನೂ ಏರುತ್ತೆ. ನೆಂದ ಮಣ್ಣಲ್ಲಿ ಕ್ರೇನಿನ ಕಾಲೇ ಕುಸಿಯಬಹುದು.

ಅದಕ್ಕೇ ‘ನಿಲ್ಸಿ, ತುಂಡು ಚಿಕ್ಕದು ಮಾಡೋಣ’ ಅನ್ನೋ ಹಕ್ಕು ಗರಗಸ ಹಿಡಿದವರಿಗೂ ಇರಬೇಕು. ನಮ್ಮ ಐಟಿ ಕೆಲಸದಲ್ಲಿ ಆತುರದ ರಿಲೀಸನ್ನ ರೋಲ್‌ಬ್ಯಾಕ್ ಮಾಡಬಹುದು. ಜಾರಿದ ಮರಕ್ಕೆ ಆ ಅನುಕೂಲ ಇಲ್ಲ. ಹಾರ್ನ್ ಒತ್ತಬೇಡಿ, ಪಕ್ಕದ ರಸ್ತೆ ಹಿಡೀರಿ.